ಸಭೆಯ ಸಭೆ

ಹಿರಣ್ಯಕೇಶಿಯ ತೀರದ ಗಡಹಿಂಗ್ಲಜದಲ್ಲಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಒಂದೇ ಸಲುಗೆಯಿಂದ ಆಡುವ ಕ್ರೈಸ್ತ ಕುಟುಂಬವೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಾನು ಒಂದು ರಾತ್ರಿ ತಂಗಿದ್ದೆನು. ಮರುದಿನ ರವಿವಾರ. ಬೆಳಗಿನ ಚಹಾ ಮುಗಿಯುವುದರೊಳಗಾಗಿ ಆ ಮನೆಯ ಹಿರಿಯಾಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮರಾಠಿಯ ಗೀತಪುಸ್ತಕವನ್ನೂ ಅಂಚು ಸವೆದ ಕನ್ನಡ ಬೈಬಲನ್ನೂ ಒಂದೇ ಕೈಚೀಲದಲ್ಲಿ ಇರಿಸಿಕೊಂಡು, ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು. “ಆಯೀ, ಇಷ್ಟ ಲಗೂನ ಹೋಗಿ ಏನ್ ಮಾಡ್ತಿ? ಚರ್ಚಿನ ಬಾಗಲಾ ಇನ್ನೂ ತಗದಿರೂದಿಲ್ಲ,” ಎಂದ ಮೊಮ್ಮಗ. ಆಕೆ ತಿರುಗಿ ನೋಡದೆಯೇ, “ಬಾಗಲಾ ತಗೀಲಿ ಬಿಡ್ಲಿ, ಸಭಾ ಬಂದಿರತೈತಿ, ನಡೀಪಾ,” ಎಂದರು.

ಸಭೆ ಸೇರುತ್ತದೆ, ಕೂಡುತ್ತದೆ, ನೆರೆಯುತ್ತದೆ, ಮುಗಿಯುತ್ತದೆ. ಕಛೇರಿಯ ಕನ್ನಡದಲ್ಲಾದರೆ ಕರೆಯಲ್ಪಡುತ್ತದೆ, ಮುಂದೂಡಲ್ಪಡುತ್ತದೆ. ಆದರೆ ಸಭೆಯು ಮನುಷ್ಯರಂತೆ ತನ್ನ ಕಾಲಿನಿಂದ ನಡೆದು ಬರುವುದೂ, ಬಾಗಿಲು ತೆರೆಯದಿದ್ದಲ್ಲಿ ಬೇವಿನ ನೆರಳಿನಲ್ಲಿ ನಿಂತು ಕಾಯುವುದೂ, ಮಳೆಗಾಲದಲ್ಲಿ ತೊಯ್ದು ನಡುಗುವುದೂ ಕ್ರೈಸ್ತರ ಕನ್ನಡದಲ್ಲಿ ಮಾತ್ರ ಸಾಧ್ಯವಾಗಿರುವ ಪ್ರಯೋಗ. ಆ ಒಂದು ವಾಕ್ಯ ಅಂದಿನಿಂದ ನನ್ನ ಕಿವಿಯಲ್ಲಿ ಉಳಿದಿದೆ.

ಈ ಶಬ್ದದ ಪೂರ್ವಚರಿತ್ರೆ ದೀರ್ಘವಾದುದು. ಅದರಲ್ಲಿ ಎಲ್ಲವೂ ಗೌರವಾಸ್ಪದವೆಂದು ಹೇಳುವಂತಿಲ್ಲ. ಅಥರ್ವವೇದದಲ್ಲಿ ಸಭೆಯೂ ಸಮಿತಿಯೂ ಪ್ರಜಾಪತಿಯ ಇಬ್ಬರು ಪುತ್ರಿಯರೆಂದು ಕೀರ್ತಿತವಾಗಿವೆ. ಋಗ್ವೇದದಲ್ಲಿಯಾದರೋ ಜೂಜುಗಾರನು ಇಂದು ಗೆದ್ದೇನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಹೋಗುವುದೂ ಸಭೆಗೇ. ‘ಸಭಿಕ’ ಎಂದರೆ ನಮಗೆ ಭಾಷಣ ಕೇಳಲು ಕುಳಿತ ಸಜ್ಜನ. ಶೂದ್ರಕನ ಮೃಚ್ಛಕಟಿಕದಲ್ಲಿ ಅವನು ದ್ಯೂತಗೃಹದ ಯಜಮಾನ. ಸಭೆಯಲ್ಲಿ ಕುಳಿತುಕೊಳ್ಳಲು ಅರ್ಹನಾದವನು ‘ಸಭ್ಯ’ನೆನಿಸಿದನು, ಅರ್ಹತೆಯಿಲ್ಲದ್ದು ‘ಅಸಭ್ಯ’ವಾಯಿತು, ಎಂದರೆ ಒಬ್ಬ ಮನುಷ್ಯನ ನಡತೆಯ ಬೆಲೆಯನ್ನು ಅವನಿಗೆ ಸಭೆಯೊಳಗೆ ಸ್ಥಳವಿದೆಯೇ ಇಲ್ಲವೇ ಎಂಬುದರಿಂದ ಕಟ್ಟುವ ಪದ್ಧತಿಯೊಂದು ಭಾಷೆಯೊಳಗೇ ಹುದುಗಿಕೊಂಡಿತು. ಮಹಾಭಾರತದಲ್ಲಿ ದ್ರೌಪದಿಯು ಪ್ರಶ್ನೆ ಕೇಳಿದುದು ಸಭೆಯನ್ನು. ಕುಲವೃದ್ಧರೂ ಧರ್ಮಜ್ಞರೂ ತುಂಬಿದ್ದ ಆ ಸಭೆ ಅವಳಿಗೆ ಉತ್ತರ ಕೊಡಲಿಲ್ಲ. ಸಭೆಯೆಂಬುದು ಎಷ್ಟು ದೊಡ್ಡದು, ಎಷ್ಟು ಅಲಂಕೃತವಾದುದು ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷಿ ನಮ್ಮ ವಾಙ್ಮಯದಲ್ಲಿ ಇಲ್ಲ.

ಕನ್ನಡ ಬೈಬಲಿನ ಅನುವಾದಕರ ಮುಂದೆ ಇದ್ದುದು ‘ಎಕ್ಲೇಸಿಯಾ’ ಎಂಬ ಗ್ರೀಕ್ ಶಬ್ದ. ಅದರ ಮೂಲಾರ್ಥದಲ್ಲಿ ದೇವರೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಅಥೇನ್ಸ್ ನಗರದಲ್ಲಿ ಕರೆಗೆ ಓಗೊಟ್ಟು ಒಂದೆಡೆ ನೆರೆದ ಪೌರರ ಕೂಟಕ್ಕೆ ಅದು ಹೆಸರು. ಅಪೊಸ್ತಲರ ಕೃತ್ಯಗಳಲ್ಲಿ, ಬೆಳ್ಳಿ ಕೆಲಸದ ದೇಮೇತ್ರಿಯನು ಎಬ್ಬಿಸಿದ ಗಲಭೆಯಲ್ಲಿ ಎಫೆಸದ ರಂಗಮಂದಿರಕ್ಕೆ ನುಗ್ಗಿದ ಜನಜಂಗುಳಿಗೂ ಮೂಲದಲ್ಲಿ ಇದೇ ಶಬ್ದ ಪ್ರಯುಕ್ತವಾಗಿದೆ. ಈ ಎಕ್ಲೇಸಿಯಾ ಲ್ಯಾಟಿನ್ನಿನ ಮೂಲಕ ಪೋರ್ಚುಗೀಸಿನಲ್ಲಿ ‘ಇಗ್ರೇಜ’ ಆಗಿ, ಕೊಂಕಣದ ಕರಾವಳಿಯಲ್ಲಿ ಇಳಿದು, ನಮ್ಮ ‘ಇಗರ್ಜಿ’ಯಾಯಿತು. ಇಂಗ್ಲಿಷಿನಿಂದ ಬಂದ ‘ಚರ್ಚು’ ಬೇರೆಯ ಕುಲದ್ದು. ‘ಪ್ರಭುವಿಗೆ ಸೇರಿದುದು’ ಎಂಬರ್ಥದ ಮತ್ತೊಂದು ಗ್ರೀಕ್ ಶಬ್ದದಿಂದ ಅದು ಹುಟ್ಟಿದೆ. ಒಂದು ಜನರ ಕಡೆ ನೋಡುತ್ತದೆ, ಇನ್ನೊಂದು ಮನೆಯ ಕಡೆ. ಗಡಹಿಂಗ್ಲಜದ ಆಯಿಗೂ ಆಕೆಯ ಮೊಮ್ಮಗನಿಗೂ ಹೊಸ್ತಿಲಲ್ಲಿ ನಡೆದ ಸಂವಾದ ಈ ಎರಡು ಗ್ರೀಕ್ ಶಬ್ದಗಳ ಸಂವಾದವೇ ಆಗಿತ್ತೆಂದು ನನಗೆ ಆಮೇಲೆ ಹೊಳೆಯಿತು.

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ 1831ರ ಹೊತ್ತಿಗೆ ಬೈಬಲು ಸಂಪೂರ್ಣವಾಗಿ ಕನ್ನಡಕ್ಕೆ ಬಂದಿತು. ಮುಂದೆ ಬಾಸೆಲ್ ಮಿಷನ್ನಿನವರು ಮಂಗಳೂರು ಧಾರವಾಡಗಳಲ್ಲಿ ಕ್ರೈಸ್ತ ಕನ್ನಡಕ್ಕೆ ಒಂದು ಹದವನ್ನು ತಂದರು. ಎಕ್ಲೇಸಿಯಾಕ್ಕೆ ಕನ್ನಡ ಬೈಬಲಿನಲ್ಲಿ ನೆಲೆಗೊಂಡ ಶಬ್ದ ಸಭೆ. ಅದರ ಸುತ್ತ ಒಂದು ಚಿಕ್ಕ ಶಬ್ದಪರಿವಾರವೂ ಬೆಳೆಯಿತು: ಯೆಹೂದ್ಯರ ಪ್ರಾರ್ಥನಾಸ್ಥಾನ ಸಭಾಮಂದಿರ, ಜನರ ಪರವಾಗಿ ಹೊಣೆ ಹೊತ್ತವರು ಸಭೆಯ ಹಿರಿಯರು, ಬೋಧಕನು ಸಭಾಪಾಲಕ. ಈ ಕೊನೆಯ ಶಬ್ದ ನನಗೆ ಬಹಳ ಪ್ರಿಯವಾದುದು. ಸಭಾಪತಿ ಎದ್ದು ಹೋದರೆ ಸಭೆ ಮುಗಿಯಿತು. ಸಭಾಪಾಲಕನು ಬೇರೆ ಊರಿಗೆ ವರ್ಗವಾಗಿ ಹೋದರೂ ಸಭೆ ಇದ್ದಲ್ಲಿಯೇ ಇರುತ್ತದೆ, ಮುಂದೆ ಬರುವವನನ್ನು ಎದುರುಗೊಳ್ಳುತ್ತದೆ. 1947ರಲ್ಲಿ ಹಲವು ಪಂಗಡಗಳು ಒಂದಾದಾಗ ಆ ಐಕ್ಯಕ್ಕೆ ಕನ್ನಡದಲ್ಲಿ ‘ದಕ್ಷಿಣ ಭಾರತ ಸಭೆ’ ಎಂದೇ ಹೆಸರಾಯಿತು. 1970ರಲ್ಲಿ ನಾಗಪುರದಲ್ಲಿ ರೂಪುಗೊಂಡುದನ್ನು ನಾವು ‘ಉತ್ತರ ಭಾರತ ಸಭೆ’ ಎನ್ನುತ್ತೇವೆ.

ಮರಾಠಿಯವರು ಬೇರೆಯ ದಾರಿ ಹಿಡಿದರು. ಅವರ ಬೈಬಲಿನಲ್ಲಿ ಎಕ್ಲೇಸಿಯಾ ‘ಮಂಡಳೀ’ ಎನಿಸಿದೆ. ನಮ್ಮ ಕನ್ನಡದಲ್ಲಿ ಮಂಡಳಿಯೆಂದರೆ ವಿದ್ಯುಚ್ಛಕ್ತಿ ಮಂಡಳಿ, ನೀರು ಸರಬರಾಜು ಮಂಡಳಿ. ಹೆಚ್ಚೆಂದರೆ ಯಕ್ಷಗಾನ ಮಂಡಳಿ, ಭಜನಾ ಮಂಡಳಿ. ಮರಾಠಿಯಲ್ಲಿ ಅದು ಅಡಿಗೆಮನೆಯವರೆಗೆ ಸಲುಗೆಯುಳ್ಳ ಶಬ್ದ: ‘ಘರಚೀ ಮಂಡಳೀ’ ಎಂದರೆ ಮನೆಯ ಜನ, ಊಟಕ್ಕೆ ಬಂದ ನೆಂಟರೂ ಮಂಡಳೀ, ಹರಟೆಗೆ ಕೂತ ಗೆಳೆಯರನ್ನು ‘ಕಾಯ್ ಮಂಡಳೀ!’ ಎಂದು ಕರೆಯುವುದುಂಟು. ಆದುದರಿಂದ ಕೊಲ್ಲಾಪುರದ ಕ್ರೈಸ್ತನು ‘ಆಮಚೀ ಮಂಡಳೀ’ ಎಂದಾಗ ಅದರಲ್ಲಿ ಕುಟುಂಬದ ಬಿಸುಪು ತಾನಾಗಿ ಸೇರಿಕೊಳ್ಳುತ್ತದೆ. ಕನ್ನಡದ ಸಭೆಗೆ ಆ ಬಿಸುಪು ಹುಟ್ಟಿನಿಂದ ಬಂದುದಲ್ಲ, ಬಳಕೆಯಿಂದ ಗಳಿಸಿದುದು. ವರ್ಷಕ್ಕೊಮ್ಮೆ ಲೆಕ್ಕಪತ್ರ ಒಪ್ಪಿಸಿ ಹೊಸ ಹಿರಿಯರನ್ನು ಆರಿಸಬೇಕಾದ ದಿನ ಮರಾಠಿಯಲ್ಲಿ ‘ಮಂಡಳೀಚೀ ಸಭಾ’ ಎಂದು ಸುಗಮವಾಗಿ ಸಾರಬಹುದು. ಕನ್ನಡದಲ್ಲಿ ಅದೇ ಪ್ರಕಟಣೆ ‘ಸಭೆಯ ಸಭೆ’ ಎಂದಾಗುತ್ತದೆ. ಹೊರಗಿನವನಿಗೆ ಇದು ಪುನರುಕ್ತಿಯೆಂದು ತೋರಬಹುದು. ಮೊದಲನೆಯ ಸಭೆ ಜನ, ಎರಡನೆಯದು ಅವರು ಕೂಡಿ ಕುಳಿತ ಒಂದು ಗಳಿಗೆ. ಮೊದಲನೆಯದಕ್ಕೆ ಆರಂಭವೂ ಮುಕ್ತಾಯವೂ ಗಡಿಯಾರದಲ್ಲಿಲ್ಲ.

ಈ ಶಬ್ದ ನಮ್ಮ ಗಡಿನಾಡಿನಲ್ಲಿ ಮಾಡಿದ ಕೆಲಸವನ್ನು ತಿಳಿಯಬೇಕಾದರೆ, ಅದು ಯಾರ ಪಾಲಿಗೆ ಬಂದಿತೆಂಬುದನ್ನು ನೋಡಬೇಕು. ಅಮೆರಿಕೆಯ ರಾಯಲ್ ಗೂಲ್ಡ್ ವೈಲ್ಡರ್ ಎಂಬ ಮಿಷನರಿ ಅಹಮದನಗರದಿಂದ ಕೊಲ್ಲಾಪುರಕ್ಕೆ ಬಂದುದು 1852ರಲ್ಲಿ; 1870ರಲ್ಲಿ ಆ ಮಿಷನ್ನಿನ ಹೊಣೆ ಪ್ರೆಸ್ಬಿಟೀರಿಯನ್ನರದಾಯಿತು. (ಪ್ರೆಸ್ಬಿಟರ್ ಎಂಬ ಶಬ್ದಕ್ಕೆ ಅರ್ಥ ‘ಹಿರಿಯ’ ಎಂದೇ, ಊರ ಪಂಚಾಯಿತಿಯಲ್ಲಿ ನಾವು ಯಾವ ಅರ್ಥದಲ್ಲಿ ‘ಹಿರಿಯರು’ ಎನ್ನುತ್ತೇವೆಯೋ ಅದೇ.) ಆತನ ಹೆಸರಿನ ದೇವಾಲಯ ಇಂದಿಗೂ ಕೊಲ್ಲಾಪುರದಲ್ಲಿದೆ. ಈ ಸೀಮೆಯಲ್ಲಿ ಮಿಷನ್ನಿನ ಕರೆಗೆ ಓಗೊಟ್ಟವರಲ್ಲಿ ಬಹುಮಂದಿ ಮಹಾರ, ಮಾಂಗ ಸಮುದಾಯಗಳವರು. ಊರಿನ ಚಾವಡಿಯಲ್ಲಿ ತಮ್ಮ ಕುರಿತೇ ನಿರ್ಣಯವಾಗುತ್ತಿದ್ದರೂ ಅಂಗಳದಲ್ಲಿ ದೂರ ನಿಂತು ಕೇಳಬೇಕಾಗಿದ್ದವರು. ಯಾವ ಸಭೆಯಲ್ಲಿ ಕುಳಿತವನು ಸಭ್ಯನೋ, ಹೊರಗಿನವನು ಅಸಭ್ಯನೋ, ಆ ಸಭೆಯ ಹೆಸರು ಈಗ ಆ ಹೊರಗಿನವರಿಗೇ ಹೆಸರಾಯಿತು. ಅವರು ಸಭೆಯಲ್ಲಿ ಕುಳಿತರೆಂದರೆ ಸಾಲದು, ಅವರೇ ಸಭೆಯಾದರು. ಅದೇ ಕೊಲ್ಲಾಪುರದಲ್ಲಿ 1902ರ ಜುಲೈ 26ರಂದು ಶಾಹು ಮಹಾರಾಜರು ಸಂಸ್ಥಾನದ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಟ್ಟು ಆಜ್ಞೆ ಹೊರಡಿಸಿದರೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಕುಳಿತುಕೊಳ್ಳುವ ಸ್ಥಳಕ್ಕಾಗಿ ಮನುಷ್ಯನು ಪಡುವ ಪಾಡನ್ನು ಆ ನಗರ ಬಲ್ಲುದಾಗಿತ್ತು. ಸಭೆಯೊಳಗೆ ಬಂದ ಮಾತ್ರಕ್ಕೆ ಜಾತಿಯ ನೆರಳು ಪೂರ್ಣವಾಗಿ ಅಳಿಯಿತೆಂದು ನಾನು ಹೇಳಲಾರೆನು. ಹೆಣ್ಣುಗಂಡಿನ ಮಾತು ಬಂದಾಗ ಅದು ಮತ್ತೆ ತಲೆಯೆತ್ತುವುದುಂಟು. ಆದರೂ ಸಭೆಯೆಂಬ ಸಂಸ್ಕೃತ ಶಬ್ದಕ್ಕೆ ತನ್ನ ಮೂರು ಸಾವಿರ ವರ್ಷಗಳ ಬಾಳಿನಲ್ಲಿ ದೊರೆತ ಅತ್ಯಂತ ಶ್ರೇಷ್ಠವಾದ ಅರ್ಥ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ರವಿವಾರ ಆರಾಧನೆ ನಡೆದುದು ಮರಾಠಿಯಲ್ಲಿ. ಆಮೇಲೆ ಅಂಗಳದಲ್ಲಿ ನಡೆದುದು ಕನ್ನಡದಲ್ಲಿ. ಬೆಳೆಯ ಹಬ್ಬವಾದುದರಿಂದ ವೇದಿಕೆಯ ಮುಂದೆ ಜೋಳದ ತೆನೆ, ಸೇಂಗಾ, ಕಬ್ಬಿನ ಜಲ್ಲೆ, ಬೆಲ್ಲದ ಪೆಂಟಿ, ಒಂದು ಬುಟ್ಟಿ ಸಂಕೇಶ್ವರಿ ಮೆಣಸಿನಕಾಯಿ, ಕಾಲು ಕಟ್ಟಿದ ಎರಡು ಕೋಳಿ ಇದ್ದುವು. ಪ್ರಾರ್ಥನೆ ಮುಗಿದ ಮೇಲೆ ಅವೆಲ್ಲ ಹೊರಗೆ ಬಂದು ಲಿಲಾವು ಮೊದಲಾಯಿತು. (ಲಿಲಾವು ಕೂಡ ಇಗರ್ಜಿ, ಪಾದ್ರಿ, ನಾತಾಳಗಳೊಡನೆ ಪೋರ್ಚುಗೀಸರ ಹಡಗಿನಲ್ಲಿ ಬಂದ ಶಬ್ದವೇ.) ದೊಡ್ಡದೊಂದು ಕುಂಬಳಕಾಯಿಯನ್ನು ಕೊಂಡ ಶಾಲಾಮಾಸ್ತರರು ಹಣ ತೆತ್ತು, ಕಾಯಿಯನ್ನು ಸಭೆಗೇ ಮರಳಿ ಒಪ್ಪಿಸಿದರು; ಅದನ್ನು ಮತ್ತೊಮ್ಮೆ ಕೂಗಲಾಯಿತು; ಎರಡನೆಯ ಸಲ ಕೊಂಡವರೂ ಮರಳಿಸಿದರು. ಹೀಗೆ ನಾಲ್ಕು ಕೈ ದಾಟಿ, ಕೊನೆಗೆ ಆ ಕಾಯಿ, ಗಂಡನನ್ನು ಕಳೆದುಕೊಂಡು ಮೂರು ತಿಂಗಳಾಗಿದ್ದ ಒಬ್ಬಾಕೆಯ ಚೀಲವನ್ನು ಸೇರಿತು. ಯಾರು ಕೊಟ್ಟರೆಂದು ಯಾರೂ ಹೇಳಲಿಲ್ಲ, ಕೂಗುವವನು “ಸಭಾದ್ದು” ಎಂದಷ್ಟೇ ಅಂದ. ಆಯಿ ಅಷ್ಟರಲ್ಲಿ ಗೋಡೆಗೆ ಒರಗಿ ನಿಂತು, ಅಂದು ಬಾರದೆ ಇದ್ದವರ ಮನೆಗಳನ್ನು ಬೆರಳು ಮಡಿಸುತ್ತ ಎಣಿಸುತ್ತಿದ್ದರು: ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರ ಸೊಸೆ ಬಾಣಂತಿ, ಒಂದು ಮನೆಯವರು ಮಿರಜದ ಆಸ್ಪತ್ರೆಯಲ್ಲಿ. ವಿಲಿಯಂ ವಾನ್ಲೆಸ್ ವೈದ್ಯರು 1894ರಲ್ಲಿ ತೆರೆದ ಆ ಆಸ್ಪತ್ರೆಯ ಹೆಸರು ಈ ಭಾಗದ ಹಳೆಯ ಸಭೆಗಳಲ್ಲಿ ನೆಂಟರ ಮನೆಯ ಹೆಸರಿನಷ್ಟು ಸಹಜವಾಗಿ ಕೇಳಿಬರುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಆಕೆ ಆ ಮನೆಗಳಿಗೆ ಹೊರಟರು.

ಇಚಲಕರಂಜಿಯ ಮಾತು ಬೇರೆ. ಅಲ್ಲಿ ವಿಠ್ಠಲರಾವ್ ದಾತಾರರು 1904ರಲ್ಲಿ ಮೊದಲನೆಯ ವಿದ್ಯುತ್ ಮಗ್ಗವನ್ನು ಹೂಡಿದಂದಿನಿಂದ ಊರೇ ಮಗ್ಗದ ಲಯದಲ್ಲಿ ಉಸಿರಾಡುತ್ತದೆ. ಅದರ ಜನದಲ್ಲಿ ದೊಡ್ಡ ಪಾಲು ಹೊಟ್ಟೆಪಾಡಿಗಾಗಿ ಬೇರೆ ಸೀಮೆಗಳಿಂದ ಬಂದು ನಿಂತವರು, ಕನ್ನಡ ಮನೆಮಾತಿನ ನೇಕಾರರೂ ಅವರಲ್ಲಿ ಅನೇಕರು. ಇಂಗ್ಲಿಷಿನ ‘ಪ್ಯಾರಿಷ್’ ಶಬ್ದದ ಗ್ರೀಕ್ ಮೂಲಕ್ಕೆ ಪರಸ್ಥಳದಲ್ಲಿ ನೆರೆಯವರಾಗಿ ಬಾಳುವುದು ಎಂಬ ಅರ್ಥವಿರುವುದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದುದು ಆ ಊರು. ಹೊಲವಿಲ್ಲದವನು ಬೆಳೆಯ ಹಬ್ಬಕ್ಕೆ ಏನನ್ನು ತಂದಾನು? ಅವನ ಬೆಳೆ ಅವನು ನೇಯ್ದ ಬಟ್ಟೆ. ಕುಂಬಳಕಾಯಿಯ ಪಕ್ಕದಲ್ಲಿ ಒಂದು ಪಂಚೆಯ ಮಡಿಕೆ ಕುಳಿತರೆ ಹಬ್ಬಕ್ಕೆ ಯಾವ ಕುಂದೂ ಇಲ್ಲ. ಕರಾವಳಿಯ ಕ್ಯಾಥೊಲಿಕರು ಈ ನೆರೆಹೊರೆಗೆ ‘ಫಿರ್ಗಜ್’ ಎನ್ನುತ್ತಾರೆ. ಸಭೆಯ ಮಕ್ಕಳು ಎಂಬರ್ಥದ ಲ್ಯಾಟಿನ್ ಪದಪುಂಜ ಪೋರ್ಚುಗೀಸಿನಲ್ಲಿ ಸವೆದು ಆ ಶಬ್ದವಾಯಿತು. ಅಲ್ಲಿಯ ಕೇರಿಯ ಮುಂದಾಳು ‘ಗುರ್ಕಾರ’, ನಮ್ಮ ಗುರಿಕಾರನೇ. ಕನ್ನಡದ ಬಟ್ಟಲಿನ ನೀರು ಕೊಂಕಣಿಯ ಇಗರ್ಜಿಯಲ್ಲಿಯೂ ಇದೆಯೆಂಬುದು ಸಂತೋಷದ ಸಂಗತಿ.

ಈಗ ಗಡಿಭಾಗದ ಕಿರಿಯರ ಬಾಯಲ್ಲಿ ಸಭೆಯೂ ಮಂಡಳೀಯೂ ಎರಡೂ ಹಿಂದೆ ಸರಿದು, ಚರ್ಚು ಎಂಬುದೊಂದೇ ಮುಂದೆ ಬಂದಿದೆ. ಚರ್ಚಿಗೆ ಬಣ್ಣ ಬಳಿಯಬಹುದು, ಬೀಗ ಹಾಕಬಹುದು, ಅದರ ಜಾಗಕ್ಕಾಗಿ ನ್ಯಾಯಾಲಯಕ್ಕೆ ಹೋಗಬಹುದು. ಸಭೆಗೆ ಬೀಗ ಹಾಕಲು ಬರುವುದಿಲ್ಲ. ಹಳೆಯ ಶಬ್ದ ಬಿದ್ದುಹೋದರೆ, ಬಾರದೆ ಇದ್ದವರನ್ನು ಬೆರಳು ಮಡಿಸಿ ಎಣಿಸುವ ಅಭ್ಯಾಸವೂ ಅದರ ಬೆನ್ನಿಗೆ ಬಿದ್ದುಹೋದೀತೆಂಬುದು ನನ್ನ ಭಯ. ನಮ್ಮ ನಿಘಂಟುಗಳನ್ನು ತೆರೆದರೆ ಸಭೆಗೆ ಕ್ರೈಸ್ತರ ಸಮುದಾಯ ಎಂಬ ಅರ್ಥ ಸಿಕ್ಕೀತು. ಗಡಹಿಂಗ್ಲಜದ ಅಂಗಳದಲ್ಲಿ ಅದು ನಡೆಯುವ, ನಿಲ್ಲುವ, ಕೊಡುವ, ಕೊಂಡು ಮರಳಿಸುವ ಪರಿ ಸಿಕ್ಕುವುದಿಲ್ಲ.

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸಭೆಗಳ ಹಿರಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ರವಿವಾರದ ಶಾಲೆಯ ಮಕ್ಕಳ ಕೈಗೆ ಒಂದು ನೂರು ಪುಟದ ನೋಟುಬುಕ್ಕನ್ನು ಕೊಡಿರಿ. ಕನ್ನಡ ಬಲ್ಲ ಅಜ್ಜಿಯರ ಬಳಿಗೆ ಅವರನ್ನು ಕಳುಹಿಸಿ, ಆರಾಧನೆಯಲ್ಲಿ, ಮದುವೆಯಲ್ಲಿ, ಮಣ್ಣು ಮಾಡುವಲ್ಲಿ, ಲಿಲಾವಿನಲ್ಲಿ ಅವರು ಆಡುವ ಮಾತುಗಳನ್ನು ಆಡಿದಂತೆಯೇ ಬರೆಯಿಸಿರಿ. ಮೊದಲನೆಯ ಪುಟದ ಮೊದಲನೆಯ ಸಾಲನ್ನು ನಾನೇ ಕೊಡುತ್ತೇನೆ: ಸಭಾ ಬಂದಿರತೈತಿ, ನಡೀಪಾ.