ಟಾಟಾ ಯೋಜನೆಯ ಮೂರನೆಯ ವಿಭಾಗ

ಬೆಂಗಳೂರಿನ ಹಳಬರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ. ಅದರ ಮುಖ್ಯ ಕಟ್ಟಡದ ಎದುರಿಗೆ ಜಮ್‌ಷೇಟ್‌ಜಿ ಟಾಟಾ ಅವರ ಪ್ರತಿಮೆಯಿದೆ. ಪ್ರತಿಮೆಯ ಕೈಯಲ್ಲಿ ಸಂಸ್ಥೆಯ ಒಂದು ಪುಟ್ಟ ಮಾದರಿ. ಸಿರಿವಂತರೊಬ್ಬರು ಉದಾರವಾಗಿ ಕೊಟ್ಟರು, ವಿದ್ಯಾಸಂಸ್ಥೆ ಎದ್ದು ನಿಂತಿತು ಎಂದು ನೋಡಿದವರಿಗೆ ತೋರುವುದು ಸಹಜ. ಆದರೆ ಟಾಟಾ ಅವರು ಕೊಡುತ್ತೇನೆಂದು ಮುಂದೆ ಬಂದದ್ದು 1898ರಲ್ಲಿ. ಮೊದಲ ವಿದ್ಯಾರ್ಥಿಗಳು ಬಾಗಿಲು ದಾಟಿದ್ದು 1911ರಲ್ಲಿ. ನಡುವೆ ಹದಿಮೂರು ವರ್ಷಗಳು ಸಂದವು, ಕೊಟ್ಟವರು ತೀರಿಹೋದರು. ಕೊನೆಗೆ ಎದ್ದು ನಿಂತದ್ದು ಅವರು ಬಯಸಿದ ಸಂಸ್ಥೆಯ ಪೂರ್ಣ ರೂಪವೂ ಆಗಿರಲಿಲ್ಲ. ಅಧ್ಯಾಪಕರು ಎಲ್ಲಿ ಕೂಡಿದರೂ ಅನುದಾನದ ಮಾತೇ ಏಳುತ್ತಿರುವ ಈ ಕಾಲದಲ್ಲಿ ಆ ಕಥೆಯನ್ನು ಒಮ್ಮೆ ನೆನೆಯುವುದು ಲಾಭಕರ.

ಟಾಟಾ ಅವರು ಮುಂದಿಟ್ಟ ದತ್ತಿ ಆ ಕಾಲಕ್ಕೆ ಬೆರಗು ಹುಟ್ಟಿಸುವಂಥದು. ಮುಂಬಯಿಯಲ್ಲಿದ್ದ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನೇ ಅವರು ಬಿಟ್ಟುಕೊಡಲು ಸಿದ್ಧರಾದರು. ಅದರಿಂದ ವರ್ಷಕ್ಕೆ ಸುಮಾರು 1.25 ಲಕ್ಷ ರೂಪಾಯಿ ಹುಟ್ಟುವಳಿ ಬರಬಹುದೆಂದು ಎಣಿಕೆ. ಅವರಿಗೆ ಬಲಗೈಯಾಗಿದ್ದ ಬುರ್ಜೋರ್ಜಿ ಪಾದಶಾ ಅವರು ಹೊರದೇಶಗಳ ವಿದ್ಯಾಪೀಠಗಳನ್ನು ಕಣ್ಣಾರೆ ಕಂಡು ಬಂದಿದ್ದರು. ಹೀಗೆ ಸಿದ್ಧವಾದ ಕರಡು ಯೋಜನೆಯಲ್ಲಿ ಮೂರು ವಿಭಾಗಗಳಿದ್ದುವು. ಒಂದು ವಿಜ್ಞಾನ ಮತ್ತು ತಂತ್ರವಿದ್ಯೆ, ಎರಡನೆಯದು ವೈದ್ಯ, ಮೂರನೆಯದು ತತ್ತ್ವಶಾಸ್ತ್ರ ಮತ್ತು ಶಿಕ್ಷಣ. ಈ ಮೂರನೆಯದರಲ್ಲಿ ನೀತಿಶಾಸ್ತ್ರ, ಮನಶ್ಶಾಸ್ತ್ರ, ಭಾರತದ ಇತಿಹಾಸ, ಪುರಾತತ್ತ್ವ, ಅರ್ಥಶಾಸ್ತ್ರ, ತೌಲನಿಕ ಭಾಷಾಶಾಸ್ತ್ರಗಳಿಗೂ ಎಡೆಯಿತ್ತು. ಬಟ್ಟೆಯ ಗಿರಣಿಗಳನ್ನು ನಡೆಸುತ್ತಿದ್ದ ವ್ಯಾಪಾರಿಯೊಬ್ಬರ ಯೋಜನೆಯಲ್ಲಿ ಭಾಷಾಶಾಸ್ತ್ರಕ್ಕೂ ಒಂದು ಮಣೆ ಇತ್ತೆಂಬುದನ್ನು ನಮ್ಮಂಥ ಭಾಷೆಯ ಮೇಷ್ಟರುಗಳು ಮರೆಯಬಾರದು.

ಇದು ಕಾಗದದ ಅಲಂಕಾರಕ್ಕೆಂದು ಸೇರಿಸಿದ ಮಾತಲ್ಲ. 1893ರಲ್ಲಿ ಜಪಾನಿನಿಂದ ಅಮೆರಿಕದ ಕಡೆಗೆ ಹೊರಟ ಹಡಗಿನಲ್ಲಿ ಟಾಟಾ ಅವರಿಗೆ ಸ್ವಾಮಿ ವಿವೇಕಾನಂದರ ಜೊತೆ ದೊರೆತಿತ್ತು. ಐದು ವರ್ಷಗಳ ಮೇಲೆ, 1898ರ ನವೆಂಬರ್ 23ರಂದು, ಅವರು ಸ್ವಾಮೀಜಿಗೆ ಒಂದು ಪತ್ರ ಬರೆದರು. ಈ ದೇಶದಲ್ಲಿ ಮತ್ತೆ ಬೆಳೆಯುತ್ತಿರುವ ವೈರಾಗ್ಯಭಾವವನ್ನು ನಾಶಮಾಡದೆ ಜ್ಞಾನಸಾಧನೆಯ ಕಡೆಗೆ ತಿರುಗಿಸಬೇಕು. ಅಂಥ ಮನೋಭಾವದವರು ಆಶ್ರಮಗಳಲ್ಲಿರುವಂತೆ ಸರಳವಾಗಿ ಬಾಳುತ್ತ ಪ್ರಕೃತಿವಿಜ್ಞಾನಗಳಿಗೂ ಮಾನವಿಕ ವಿದ್ಯೆಗಳಿಗೂ ತಮ್ಮನ್ನು ಮುಡಿಪಾಗಿಡಬೇಕು ಎಂಬುದು ಅದರ ಇಂಗಿತ. ಜನರನ್ನು ಎಚ್ಚರಿಸುವಂಥದೊಂದು ಪುಸ್ತಿಕೆಯನ್ನು ಬರೆದುಕೊಟ್ಟರೆ ಅದರ ಅಚ್ಚಿನ ವೆಚ್ಚವನ್ನು ತಾವೇ ಹೊರುವುದಾಗಿಯೂ ತಿಳಿಸಿದರು. ಮೂವತ್ತು ಲಕ್ಷ ಕೊಡಬಲ್ಲವರಿಗೂ ಒಂದು ಮನವಿಯ ಪುಸ್ತಿಕೆ ಬೇಕಾಗಿತ್ತು! ಮುಂದೆ 1899ರ ಏಪ್ರಿಲ್‌ನಲ್ಲಿ 'ಪ್ರಬುದ್ಧ ಭಾರತ' ಪತ್ರಿಕೆ ಈ ಯೋಜನೆಯನ್ನು ಬಲವಾಗಿ ಎತ್ತಿಹಿಡಿಯಿತು.

ಹಣವಿದ್ದೂ ಮನವಿ ಏಕೆ? ಇಷ್ಟು ದೊಡ್ಡ ಕೆಲಸಕ್ಕೆ ಒಂದೇ ಚೀಲ ಸಾಲದು. ಸರ್ಕಾರದ ನೆರವೂ ಬೇಕು, ಕಾನೂನಿನ ಭದ್ರತೆಯೂ ಬೇಕು. ಹೊಸ ವೈಸರಾಯ್ ಕರ್ಜನ್ ಮುಂಬಯಿಗೆ ಬಂದಿಳಿದ ಮರುದಿನವೇ, ಅಂದರೆ 1898ರ ಡಿಸೆಂಬರ್ 31ರಂದು, ಯೋಜನೆಯ ಕರಡನ್ನು ಅವರ ಕೈಗೆ ಒಪ್ಪಿಸಲಾಯಿತು. ಕರ್ಜನ್ ಎರಡು ಸಂದೇಹಗಳನ್ನು ಎತ್ತಿದರು. ಇಂಥ ಉನ್ನತ ಅಧ್ಯಯನಕ್ಕೆ ತಕ್ಕ ವಿದ್ಯಾರ್ಥಿಗಳು ಇಲ್ಲಿ ದೊರಕುವರೇ? ದೊರಕಿದರೂ ಕಲಿತವರಿಗೆ ಉದ್ಯೋಗವೆಲ್ಲಿ? ನೂರಿಪ್ಪತ್ತೈದು ವರ್ಷಗಳಾದ ಮೇಲೂ ಅನುದಾನದ ಅರ್ಜಿ ಬರೆದವರಿಗೆ ಈ ಪ್ರಶ್ನೆಗಳ ದನಿ ಹೊಸದೆನಿಸದು. ಇದರ ಜೊತೆಗೆ ಟಾಟಾ ಅವರು ತಮ್ಮ ಕುಟುಂಬದ ಆಸ್ತಿಯ ವ್ಯವಸ್ಥೆಯನ್ನೂ ಈ ದತ್ತಿಯೊಡನೆ ಹೆಣೆದಿದ್ದರು. ಸರ್ಕಾರಕ್ಕೆ ಅದು ರುಚಿಸಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಆಮೇಲೆ ಪರೀಕ್ಷಕರ ಸರದಿ. ಜಡಾನಿಲಗಳ ಶೋಧದಿಂದ ಪ್ರಖ್ಯಾತರಾಗಿದ್ದ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಅವರು ಬಂದು ದೇಶವನ್ನು ಸುತ್ತಿ, ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. ಅವರ ಯೋಜನೆಯೂ ದುಬಾರಿಯಾಯಿತೆಂದು ತೋರಿ, ಮೆಲ್ಬೋರ್ನಿನ ಪ್ರಾಧ್ಯಾಪಕ ಮ್ಯಾಸನ್, ರೂರ್ಕಿಯ ಕರ್ನಲ್ ಕ್ಲಿಬರ್ನ್ ಇವರಿಬ್ಬರ ಸಮಿತಿ 1901ರಲ್ಲಿ ಅದನ್ನು ಮತ್ತೊಮ್ಮೆ ಅಳೆದು ಸುರಿದು ಚಿಕ್ಕದು ಮಾಡಿತು.

ಈ ಜಗ್ಗಾಟದ ನಡುವೆ ಮೈಸೂರು ಸಂಸ್ಥಾನ ನಡೆದುಕೊಂಡ ರೀತಿ ಸ್ಮರಣೀಯವಾದುದು. ಆಗ ಮಹಾರಾಜರಿನ್ನೂ ಬಾಲಕರು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ ನೆರವಿನ ಮಾತು ಹೊರಟಿತು. ದಿವಾನರು 1901ರಲ್ಲಿ ತೀರಿಕೊಂಡರು. ಆದರೆ ಸಂಸ್ಥಾನ ಆಡಿದ ಮಾತಿಗೆ ತಪ್ಪಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1907ರಲ್ಲಿ, 371 ಎಕರೆ ಭೂಮಿ ದೊರೆಯಿತು; ಕಟ್ಟಡಗಳಿಗೆಂದು 5 ಲಕ್ಷ ರೂಪಾಯಿ, ವರ್ಷ ವರ್ಷಕ್ಕೆ 50,000 ರೂಪಾಯಿ ಕೊಡುವ ಏರ್ಪಾಡೂ ಆಯಿತು. ಆ ಹೊತ್ತಿಗೆ ಟಾಟಾ ಅವರು ಕಣ್ಮರೆಯಾಗಿ ಮೂರು ವರ್ಷ ಕಳೆದಿತ್ತು. ದತ್ತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಯೋಚನೆ ಅವರ ಮಕ್ಕಳಾದ ದೋರಾಬ್ಜಿ, ರತನ್ ಇವರಿಗೆ ಬರಲಿಲ್ಲ. 1909ರ ಮೇ 27ರಂದು ಸರ್ಕಾರದ ಅಂತಿಮ ಆಜ್ಞೆ ಹೊರಟಿತು; 1911ರ ಜುಲೈನಲ್ಲಿ ಪಾಠಗಳು ಮೊದಲಾದುವು. ಕಲಿಸಿದ್ದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರವಿದ್ಯೆ. ತತ್ತ್ವಶಾಸ್ತ್ರವೂ ಇತಿಹಾಸವೂ ಭಾಷಾಶಾಸ್ತ್ರವೂ ಒಂದೊಂದು ಪರಿಷ್ಕರಣದಲ್ಲಿ ಸವೆದು ಸವೆದು ಮಾಯವಾಗಿದ್ದುವು.

ಇದರಲ್ಲಿ ಯಾರನ್ನಾದರೂ ದೂರಬೇಕೆಂದು ನನಗೆ ತೋರದು. ವಿಜ್ಞಾನಕ್ಕಾದರೂ ಒಂದು ಸೂರು ಸಿಕ್ಕಿತು. ಆ ಸೂರಿನ ಕೆಳಗೆ ಮುಂದೆ ಸಿ. ವಿ. ರಾಮನ್‌ರಂಥವರು ದುಡಿದರು. ಗಮನಿಸಬೇಕಾದ ಸಂಗತಿ ಬೇರೆ. ಹಣವನ್ನು ಅರಸುತ್ತ ಹೋಗುವ ಹಾದಿಯಲ್ಲಿ ಪ್ರತಿಯೊಂದು ಬಾಗಿಲಲ್ಲಿಯೂ ಯೋಜನೆಯ ಒಂದಿಷ್ಟನ್ನು ತೆರಿಗೆಯಂತೆ ತೆತ್ತುಹೋಗಬೇಕಾಗುತ್ತದೆ. ಉಪಯೋಗವನ್ನು ಅಂಕಿಯಲ್ಲಿ ತೋರಿಸಲಾರದ ವಿದ್ಯೆಯೇ ಮೊದಲು ಹೋಗುವುದು.

ಹಾಗಾದರೆ ಆ ಕಾಲದಲ್ಲಿ ಅಂಥ ವಿದ್ಯೆಗಳು ಬದುಕಿದ್ದು ಹೇಗೆ? ಉತ್ತರ ಮೈಸೂರಿನಲ್ಲಿಯೇ ಇದೆ. ಬೆಂಗಳೂರಿನ ಸಂಸ್ಥೆಗೆ ಅಂತಿಮ ಆಜ್ಞೆ ದೊರೆತ ಆ 1909ರಲ್ಲಿಯೇ ಮೈಸೂರಿನಲ್ಲಿ ಕೌಟಿಲ್ಯನ 'ಅರ್ಥಶಾಸ್ತ್ರ'ದ ಮೂಲಪಾಠ ಮೊದಲ ಬಾರಿಗೆ ಅಚ್ಚಾಗಿ ಹೊರಬಂದಿತು. 1891ರಲ್ಲಿ ಆರಂಭವಾಗಿದ್ದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು ಗುರುತಿಸಿದರು. ಶಾಸ್ತ್ರಿಗಳು ಇದಕ್ಕೆಂದು ಯಾರಿಗೂ ಯೋಜನೆ ಬರೆದು ಸಲ್ಲಿಸಬೇಕಾಗಿರಲಿಲ್ಲ. ಅವರಿಗೊಂದು ಕೆಲಸವಿತ್ತು, ತಿಂಗಳ ಸಂಬಳವಿತ್ತು, ಎದುರಿಗೆ ಗರಿಗಳ ಕಟ್ಟಿತ್ತು. ರಾಜ್ಯಕ್ಕೆ ಕೋಶವೂ ಒಂದು ಅಂಗವೆಂದು ಎಣಿಸುವ ಗ್ರಂಥ ಕೋಶದ ಚಿಂತೆಯಿಲ್ಲದ ಒಂದು ಮೇಜಿನ ಮೇಲೆ ಬೆಳಕು ಕಂಡಿತು! ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಕಥೆಯೂ ಇಂಥದೇ. ಅದರ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಹೊರಬಂದುವು. ಮೈಸೂರು ಪುರಾತತ್ತ್ವ ಇಲಾಖೆಯ ಹುದ್ದೆ ಅವರ ಬದುಕಿಗೆ ಆಧಾರವಾಗಿತ್ತು. ಮೂರು ವರ್ಷದೊಳಗೆ ಮುಗಿಸಿ ಲೆಕ್ಕ ಒಪ್ಪಿಸಬೇಕೆಂದು ಯಾರಾದರೂ ಕಟ್ಟಳೆ ಹಾಕಿದ್ದರೆ ಕನ್ನಡಕ್ಕೆ ಆ ಮಹಾಗ್ರಂಥ ಪೂರ್ಣವಾಗಿ ದಕ್ಕುತ್ತಿತ್ತೇ?

ಸ್ವಾತಂತ್ರ್ಯಾನಂತರ ಬಾಗಿಲುಗಳು ಹೆಚ್ಚಿದುವು. ವಿಶ್ವವಿದ್ಯಾನಿಲಯ ಅನುದಾನ ಆಯೋಗ 1953ರಲ್ಲಿ ಉದ್ಘಾಟನೆಯಾಗಿ 1956ರ ಕಾಯಿದೆಯಿಂದ ಅಧಿಕಾರ ಪಡೆಯಿತು. ಸಮಾಜವಿಜ್ಞಾನಗಳಿಗೆ 1969ರಲ್ಲಿ, ಇತಿಹಾಸಕ್ಕೆ 1972ರಲ್ಲಿ ಪ್ರತ್ಯೇಕ ಸಂಶೋಧನ ಪರಿಷತ್ತುಗಳು ಬಂದುವು. ಈಚೆಗೆ 2023ರ ಕಾಯಿದೆಯಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನ ಸ್ಥಾಪಿತವಾಗಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು. ಅದರಲ್ಲಿ ಬಹುಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂದು ಆಗ ಎಣಿಸಲಾಗಿತ್ತು. ಟಾಟಾ ಅವರ ಕಾಲದ ಕೂಡುಚೀಲವೇ ಮತ್ತೆ ಹೊಲಿಗೆಗೆ ಬಂದಿದೆಯೆನ್ನಬಹುದು. ಅಲ್ಲಿ ಮಾನವಿಕ ವಿದ್ಯೆಗಳಿಗೂ ಎಡೆಯಿದೆ, ಆದರೆ ಅವು ವಿಜ್ಞಾನ ತಂತ್ರಜ್ಞಾನಗಳನ್ನು ಕೂಡುವ ಗಡಿಯಲ್ಲಿ ಮಾತ್ರ. ಹಳಗನ್ನಡದ ಒಂದು ಕಾವ್ಯವನ್ನು ಪರಿಷ್ಕರಿಸಲು ಹೊರಟವನು ಆ ಗಡಿಯಲ್ಲಿ ನಿಂತು ಏನೆಂದು ಕೂಗಬೇಕು?

ಆದರೂ ನಿರಾಶೆ ಬೇಡ. 1988ರಲ್ಲಿ ಅದೇ ಟಾಟಾ ಮನೆತನದ ಜೆ. ಆರ್. ಡಿ. ಟಾಟಾ ಅವರ ಪ್ರೇರಣೆಯಿಂದ, ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ, ರಾಜಾ ರಾಮಣ್ಣ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ತಲೆಯೆತ್ತಿತು. ಅಲ್ಲಿ ವಿಜ್ಞಾನದೊಡನೆ ಮಾನವಿಕಗಳಿಗೂ ಪೀಠ ದೊರೆಯಿತು. ಬೇರೆ ಹೆಸರಿನಲ್ಲಿ, ಬೇರೆ ಸಂಸ್ಥೆಯಾಗಿ, ಕೈಬಿಟ್ಟುಹೋದ ಮೂರನೆಯ ವಿಭಾಗ ತೊಂಬತ್ತು ವರ್ಷಗಳ ಮೇಲೆ ಅದೇ ನೆಲಕ್ಕೆ ಮರಳಿ ಬಂದಂತಾಯಿತು.

ಇಂದು ಅರ್ಜಿಯ ನಮೂನೆಗಳ ಮುಂದೆ ಕುಳಿತಿರುವ ತರುಣ ಸಂಶೋಧಕರಿಗೆ ಹೇಳಬೇಕಾದದ್ದು ಇಷ್ಟೆ. ಬಾಗಿಲುಗಳನ್ನು ಹುಡುಕಿ, ಎಲ್ಲವನ್ನೂ ತಟ್ಟಿ. ಕೇಳುವುದರಲ್ಲಿ ಅವಮಾನವಿಲ್ಲ, ಮೂವತ್ತು ಲಕ್ಷದ ಒಡೆಯರೇ ಕೇಳಿದ್ದಾರೆ. ಹಣ ಕೊಡುವವರ ಅಳತೆಗೆ ನಿಮ್ಮ ಯೋಜನೆಯನ್ನು ಕತ್ತರಿಸಬೇಕಾಗಿಯೂ ಬಂದೀತು. ಆದರೆ ಮೊದಲು ಬರೆದ ಕರಡನ್ನು ಮಾತ್ರ ಹರಿದೆಸೆಯಬೇಡಿ. ನಾವು ನಿಜವಾಗಿ ಏನನ್ನು ತಿಳಿಯಲು ಹೊರಟಿದ್ದೆವೆಂಬುದಕ್ಕೆ ಕೊನೆಯವರೆಗೂ ಸಾಕ್ಷಿಯಾಗಿ ಉಳಿಯುವುದು ಅದೊಂದೇ.