ರಿಚ್ಮಂಡ್ ರಸ್ತೆಯ ಅಂಗಳ

ನಮ್ಮಜ್ಜಿಗೆ ಓದುಬರಹ ಬಾರದು. ಆದರೂ ದಿವಾನ್ ಮಿರ್ಜಾ ಸಾಹೇಬರ ಹೆಸರು ಬಂದರೆ ಕೂತಲ್ಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆಗ ಚಿತ್ರದುರ್ಗ ಮೈಸೂರು ಸಂಸ್ಥಾನದ ಜಿಲ್ಲೆ. 1926ರಿಂದ 1941ರವರೆಗೆ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಅವರ ಮೊಮ್ಮಗಳು ಶಕೀರಾ ಖಲೀಲಿಯ ಹೆಸರನ್ನು ನಾನು ಮೊದಲು ಓದಿದ್ದು 1994ರಲ್ಲಿ, ಕೊಲೆಯ ಸುದ್ದಿಯಲ್ಲಿ.

ಬೆಂಗಳೂರಿನ ರಿಚ್ಮಂಡ್ ರಸ್ತೆಯಲ್ಲಿ ಬಂಗಲೆ, ತನ್ನ ಹೆಸರಿನಲ್ಲೇ ಅಪಾರ ಆಸ್ತಿ, ವಿದೇಶಾಂಗ ಸೇವೆಯಲ್ಲಿದ್ದ ಗಂಡ, ನಾಲ್ವರು ಹೆಣ್ಣುಮಕ್ಕಳು. 1983ರಲ್ಲಿ ದಂಪತಿಗಳು ದೆಹಲಿಯಲ್ಲಿ ರಾಂಪುರದ ನವಾಬರ ಮನೆಗೆ ಹೋಗಿದ್ದಾಗ, ಆ ಮನೆತನದ ಆಸ್ತಿ ನೋಡಿಕೊಳ್ಳುತ್ತಿದ್ದ ಒಬ್ಬನ ಪರಿಚಯವಾಯಿತು. ಹೆಸರು ಮುರಳಿ ಮನೋಹರ ಮಿಶ್ರ. ಕರೆಸಿಕೊಳ್ಳುತ್ತಿದ್ದುದು ಸ್ವಾಮಿ ಶ್ರದ್ಧಾನಂದ ಎಂದು. ಮನೆಗೆಲಸಕ್ಕೆ ಹೊಸಬರು ಬಂದರೆ ನಾವೂ ಕೇಳುವುದು ಒಂದೇ, ‘ಮೊದಲು ಯಾರ ಮನೇಲಿದ್ದೆ?’ ದೊಡ್ಡ ಮನೆಯ ಹೆಸರು ಹೇಳಿದರೆ ಅಲ್ಲಿಗೆ ಮುಗಿಯಿತು. ನವಾಬರ ಮನೆಯವನೆಂದ ಮೇಲೆ ಇನ್ನು ವಿಚಾರಿಸುವುದೇನು!

1985ರಲ್ಲಿ ಶಕೀರಾ ವಿಚ್ಛೇದನ ಪಡೆದರು. ಮರುವರ್ಷ ಏಪ್ರಿಲ್‌ನಲ್ಲಿ ಅವನನ್ನು ಮದುವೆಯಾದರು. ಆಸ್ತಿಯ ವ್ಯವಹಾರವನ್ನೆಲ್ಲ ನಡೆಸಲು ಅವನ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟರು. 1991ರ ಬೇಸಿಗೆಯ ನಂತರ ಅವರನ್ನು ಯಾರೂ ಕಾಣಲಿಲ್ಲ.

ಪತ್ರಿಕೆ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, ‘ಕಟ್ಟಿಕೊಂಡ ಗಂಡನ್ನ ಬಿಟ್ಟು ಹೋದೋಳಿಗೆ ಇನ್ನೇನಾಗುತ್ತೆ ಬಿಡ್ರಿ’ ಎಂದರು. ನಾನು ಸುಮ್ಮನೆ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಆ ಮೌನ ಈಗಲೂ ಚುಚ್ಚುತ್ತದೆ. ಬಿಟ್ಟು ಹೋದವಳು ಎಂದು ಒಮ್ಮೆ ಹೆಸರಾದರೆ, ಅವಳು ಕಾಣದಿದ್ದಾಗಲೂ ಜನ ‘ಎಲ್ಲೋ ಹೋಗಿರಬೇಕು’ ಎನ್ನುತ್ತಾರೆ. ಕೊಂದವನಿಗೆ ಅಷ್ಟೇ ಸಾಕು.

ಕೇಳಿದವಳು ಒಬ್ಬ ಮಗಳು. ತಾಯಿಗೆ ಫೋನ್ ಮಾಡಿದಾಗಲೆಲ್ಲ ಅವನು ಒಂದೊಂದು ಊರಿನ ಹೆಸರು ಹೇಳಿದ. ಕೊನೆಗೆ, ಗರ್ಭಿಣಿ, ಅಮೆರಿಕದ ಆಸ್ಪತ್ರೆಯಲ್ಲಿದ್ದಾರೆ ಎಂದ. ಹುಡುಗಿ ವಿಚಾರಿಸಿದಳು; ಆ ಆಸ್ಪತ್ರೆಯಲ್ಲಿ ಅಂಥ ರೋಗಿಯೇ ಇರಲಿಲ್ಲ. ಮುಂದೆ ತಾಯಿಯ ಪಾಸ್‌ಪೋರ್ಟ್ ಅವನ ಬಳಿಯೇ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ಇಲ್ಲಿ, ತಾಯಿ ಅಮೆರಿಕದಲ್ಲಿ! 1992ರ ಜೂನ್‌ನಲ್ಲಿ ಅವಳು ಅಶೋಕನಗರ ಠಾಣೆಗೆ ದೂರು ಕೊಟ್ಟಳು. ಆಮೇಲೂ ಸುಮಾರು ಎರಡು ವರ್ಷ ಕಾಯಬೇಕಾಯಿತು. 1994ರ ಮಾರ್ಚ್‌ನಲ್ಲಿ ಪೊಲೀಸರು ಅದೇ ಬಂಗಲೆಯ ಅಂಗಳ ಅಗೆಸಿದರು. ಮರದ ಪೆಟ್ಟಿಗೆ ಸಿಕ್ಕಿತು, ಅದರೊಳಗೆ ಅಸ್ಥಿಪಂಜರ. ಅಗೆತವನ್ನು ವಿಡಿಯೋ ಮಾಡಿದ್ದರು. ಅಸ್ಥಿ ಯಾರದೆಂದು ಡಿಎನ್‌ಎ ಪರೀಕ್ಷೆ ಖಚಿತಪಡಿಸಿತು.

ಪವರ್ ಆಫ್ ಅಟಾರ್ನಿ ಬರೆದುಕೊಟ್ಟವರು ಸತ್ತರೆ ಆ ಕಾಗದವೂ ಸತ್ತಂತೆ, ಇದು ಕಾನೂನು. ನಮ್ಮಲ್ಲಿ ಎಷ್ಟು ಹೆಂಗಸರಿಗೆ ಗೊತ್ತು? ಶಕೀರಾ ಬದುಕಿದ್ದಾರೆಂದು ಹೇಳುತ್ತಿದ್ದಷ್ಟು ದಿನ ಅದು ಅವನ ಕೈಯಲ್ಲಿ ಓಡಿತು. ಅವರು ಮಣ್ಣಿನಡಿ ಇದ್ದಾಗ ಮೇಲೆ ಅವರ ಆಸ್ತಿ ಮಾರಾಟವಾಗುತ್ತಿತ್ತು.

2005ರಲ್ಲಿ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಶಿಕ್ಷೆಯ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ. ಮರುವರ್ಷ ಜುಲೈನಲ್ಲಿ ಮೂವರ ಪೀಠ ನೇಣು ತಪ್ಪಿಸಿತು. ಆದರೆ ಯಾವ ರಿಯಾಯಿತಿಯೂ ಇಲ್ಲದೆ ಕೊನೆಯುಸಿರಿನವರೆಗೆ ಸೆರೆಯಲ್ಲೇ ಇರಬೇಕೆಂದಿತು. ಅಷ್ಟು ಹೊತ್ತಿಗೆ, ಮಗಳು ಠಾಣೆಯ ಮೆಟ್ಟಿಲು ಹತ್ತಿ ಹದಿನಾರು ವರ್ಷವಾಗಿತ್ತು.