ಬಿಸಿಲಿನ ಒಡೆತನ

ವಿದುರಾಶ್ವತ್ಥದ ಅರಳಿಯನ್ನು ವಿದುರನೇ ನೆಟ್ಟನೆಂಬುದು ಐತಿಹ್ಯ. 1938ರ ಏಪ್ರಿಲ್ 25ರಂದು, ಅಲ್ಲಿ ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇತಿಹಾಸ. ಈ ನೆಲಕ್ಕೆ ಒಡೆಯರು ಯಾರು ಎಂಬುದೇ ಆ ಬಾವುಟದ ಪ್ರಶ್ನೆಯಾಗಿತ್ತು. ಅದನ್ನು ಇಂದು ಬಿಸಿಲಿನ ಬಗೆಗೂ ಕೇಳಬೇಕಾಗಿದೆ.

ಉತ್ತರ ಪಿನಾಕಿನಿಯ ಈ ಸೀಮೆಯಲ್ಲಿ ಮಳೆ ಕಡಮೆ, ಬಿಸಿಲು ಧಾರಾಳ. ಹುಣಸೆ, ಮೆಣಸಿನಕಾಯಿ ಒಣಗಿಸಲು ಒದಗುವ ಬಿಸಿಲೇ ಬರಗಾಲದಲ್ಲಿ ಶಾಪವಾಗುತ್ತಿತ್ತು. ಇಲ್ಲಿಂದ ವಾಯವ್ಯಕ್ಕೆ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಅದು ಬೆಳೆಯೇ ಆಗಿದೆ. ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಉದ್ಘಾಟನೆಗೊಂಡ ಸೋಲಾರ್ ಪಾರ್ಕಿನ ಸಾಮರ್ಥ್ಯ, 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. ರಾಯಚೂರಿನ ಶಾಖೋತ್ಪನ್ನ ಕೇಂದ್ರ 1985ರಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತು ತೆಗೆಯತೊಡಗಿತು. ಪಾವಗಡದಲ್ಲಿ ಉರುವಲಿಲ್ಲ, ಹೊಗೆಯಿಲ್ಲ, ಬೂದಿಯೂ ಇಲ್ಲ.

ವಿಶೇಷವೆಂದರೆ, ಅಲ್ಲಿ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ರೈತ ಒಡೆಯನಾಗಿಯೇ ಉಳಿದ. ಆದರೆ ಹೊಲವೇ ಇಲ್ಲದ ಕೂಲಿಯವನಿಗೆ ಗುತ್ತಿಗೆಯ ಹಣವೆಲ್ಲಿ? ಅವನ ಕಳೆ, ಕೊಯ್ಲುಗಳ ಕೆಲಸ ತಪ್ಪಿತು. ಕುರಿಗಾಹಿಯ ಮೇವು ದೂರವಾಯಿತು.

ಸೂರ್ಯನು ಬಡವ ಬಲ್ಲಿದರೆಂದು ಎಣಿಸುವುದಿಲ್ಲ, ಎಣಿಕೆ ನಮ್ಮದು. ಮಾಳಿಗೆಯ ಮೇಲಿನ ಫಲಕ, ಕೊಳವೆಬಾವಿಯ ಸೌರ ಪಂಪು, ಗುಡಿಸಲಿನ ಸೌರ ದೀಪ ಇವು ಬಿಸಿಲಿನ ಪಾಲನ್ನು ಸಣ್ಣವರಿಗೂ ಮುಟ್ಟಿಸಬಲ್ಲವು. ದೊಡ್ಡ ಸ್ಥಾವರಗಳ ಆದಾಯದಲ್ಲಿಯೂ ಭೂಮಿಯಿಲ್ಲದವರಿಗೆ ಪಾಲಿರಬೇಕು. ಹಾಗಾದರೆ ವಿದುರಾಶ್ವತ್ಥದ ಹುತಾತ್ಮರಿಗೆ ನಾವು ಕೊಡುವ ಉತ್ತರ ಪೂರ್ಣವಾದೀತು.